ಕೊನೇ ಗದ್ದೆಯ ಸರದಿ

ಮೈಸೂರಿನಿಂದ ಊಟಕ್ಕೆ ಬಂದಿದ್ದರು
ದೊಡ್ಡತ್ತೆಯ ಗಂಡ, ಪ್ರಾಟೆಸ್ಟಂಟ್ ಮೇಷ್ಟ್ರು, ಸ್ಯಾಮ್ಯುಯೆಲ್ ಕರುಣಾಕರ.
ಮುದ್ದೆ ಮುರಿಯುತ್ತ ಅಂದರು:
"ಕೃಪೆ. ಕೃಪೆಯೊಂದೇ.
ನಮ್ಮ ಗಳಿಕೆ ಅಂತ ಅಲ್ಲಿ ಒಂದು ಬಿಡಿಗಾಸೂ ಇಲ್ಲ."
ನಮ್ಮೂರ ಉಪದೇಶಿ ಸವರಿಮುತ್ತು ಬಿಡುವವನೆ?
"ಹಾಗಾದರೆ ಮಲಗಿರೋಣ ಬಿಡಿ, ಸ್ವರ್ಗವೇ ಬಂದು ಎಬ್ಬಿಸಲಿ"
ಎಂದು ನಳಿಮೂಳೆಯನ್ನು ತಟ್ಟೆಯಂಚಿಗೆ ಕುಟ್ಟಿದ.
ಸಾರು ಆರಿತು.
ಅಮ್ಮ ಎರಡನೇ ಸಲ ಬಿಸಿ ಮಾಡಿದಳು.

ಮೂಲೆಯಲ್ಲಿ ತಾತ, ಇನ್ನಾಸಪ್ಪ,
ಮೂವತ್ತೆಂಟು ವರ್ಷ ನೀರುಗಂಟಿ,
ಈಗ ಚರ್ಚಿನ ಬೀಗ, ಗಂಟೆ, ಮೇಣದಬತ್ತಿಗಳ ಯಜಮಾನ.
ಅವನನ್ನು ಯಾರೂ ಕೇಳಲಿಲ್ಲ.

ನಾನು ಕೇಳಿದೆ, ಸಂಜೆ, ನಾಲೆ ಏರಿಯ ಮೇಲೆ.

"ನೀರು ನಂದಾ ಕೂಸೆ? ಕನ್ನಂಬಾಡಿದು.
ಕನ್ನಂಬಾಡಿದೂ ಅಲ್ಲ, ಕೊಡಗಿಂದು.
ಕೊಡಗಿಂದೂ ಅಲ್ಲ..."
ಅಲ್ಲಿಗೆ ನಿಲ್ಲಿಸಿ ಬೀಡಿ ಹಚ್ಚಿದ.
"ನಾನು ಒಂದು ಗೇಣು ಮಣ್ಣು ಸರಿಸ್ದೋನು.
ಸರಿಸ್ದಿದ್ರೆ ಮಡೆ ಮುಂದೇನೇ ಅರ್ದೋಯ್ತದೆ ನೀರು,
ಪೈರು ನೋಡ್ತಾ ನೋಡ್ತಾ ಒಣಗ್ತದೆ."

"ಹಾಗಾದರೆ ಇಬ್ಬರೂ ಸರಿ. ಅರ್ಧ ದೇವರು, ಅರ್ಧ ನಾವು."

"ಅರ್ಧ ಅಂತೆ!"
ತಾತ ಕೆಮ್ಮುವಷ್ಟು ನಕ್ಕ.
"ಗುದ್ದಲಿ ಯಾವತ್ತು ಕೂಸೆ ಅರ್ಧ ನೀರು ತಂದದ್ದು?"

ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದ.
ಕಬ್ಬಿನ ಗಾಡಿಯೊಂದು ಸೇತುವೆ ದಾಟುವವರೆಗೂ.

"ಒಂದ್ಸಲ ಮಾರ್ಕೊಂಡಿದ್ದೆ," ಅಂದ.
ಕೊನೇ ಗದ್ದೆ ಸಿದ್ದಾಜಮ್ಮನದು. ಗಂಡ ಸತ್ತವಳು.
ಹದಿನೈದು ದಿನಕ್ಕೊಂದು ರಾತ್ರಿ ಅವಳ ಸರದಿ.
ಆ ರಾತ್ರಿಯನ್ನು ಮೇಲಿನ ಗದ್ದೆಯವನಿಗೆ
ಒಂದು ಸೀಸೆ ಸಾರಾಯಿಗೆ ಕೊಟ್ಟು
ತಾತ ಹೊಂಗೆ ಮರದಡಿ ಮಲಗಿಬಿಟ್ಟ.

"ಒತ್ತಾರೆ ಎದ್ದು ನೋಡ್ತೀನಿ,
ಅವಳ ಗದ್ದೆ ತುಂಬ್ಬುಟ್ಟಿದೆ.
ತೆವರಿ ಮಟ್ಟ. ಬೆಳ್ಳಕ್ಕಿ ಬಂದು ನಿಂತವೆ.
ನಡು ತೆವರಿನ ಏಡಿ ಕೊರ್ದಿತ್ತು, ಮುಷ್ಟಿಯಷ್ಟು ತೂತ.
ಆ ತೂತದಲ್ಲಿ ರಾತ್ರಿಯೆಲ್ಲ ಸುರ್ದಿದೆ."

ಸಿದ್ದಾಜಮ್ಮ ಬಂದಳು.
ನೀರು ನೋಡಿದಳು, ಇವನನ್ನು ನೋಡಿದಳು.
ಸೆರಗಿನಲ್ಲಿದ್ದ ಅವರೆಕಾಯನ್ನು
ಇವನ ಟವಲಿಗೆ ಸುರಿದಳು, ಒಂದೂ ಉಳಿಸಿಕೊಳ್ಳದೆ.
"ನಿದ್ದೆಗೆಟ್ಟಿದ್ದೀಯ ಇನ್ನಾಸಣ್ಣ, ಕಣ್ಣೆಲ್ಲ ಕೆಂಪಾಗವೆ."

"ಬಾಯಿ ಬರ್ನಿಲ್ಲ ನಂಗೆ.
ಅವರೆಕಾಯಿ ಒತ್ಕೊಂಡು ಬಂದೆ. ನಿಮ್ಮಜ್ಜಿ ಸಾರು ಮಾಡಿದ್ಲು,
ತಿನ್ನಕ್ಕೆ ಆಗ್ನಿಲ್ಲ.
ಸಂಜೆಗೆ ತೆವರಿ ತಾವ ಓದೆ,
ತೂತ ಮುಚ್ಚಿ, ಅವಳ ಮಡೆ ತಾವ ಕೂತೆ.
ಅವಳು ಸಾಯೋಗಂಟ ಅವಳ ಸರದೀಲಿ ಕಣ್ಣು ಮುಚ್ನಿಲ್ಲ."

ಬೀಡಿ ಎಂದೋ ಆರಿತ್ತು. ಅದನ್ನೇ ನೋಡುತ್ತ ಕೇಳಿದ,
ನನ್ನನ್ನೋ, ನಾಲೆಯನ್ನೋ:
"ಆ ಎಚ್ರ ನಂದಾ, ಏಡಿದಾ?"

ಮುಂದಿನ ಭಾನುವಾರ ಪೂಜೆಗೆ
ಗಾಜಿನ ಕುಡಿಕೆಗೆ ನೀರು ತುಂಬಿದ್ದು ನಾನು.
ನಮ್ಮ ಮನೆಯ ಗಡಿಗೆಯದು, ತುಸು ಕೆಸರುಬಣ್ಣ,
ಬಟ್ಟೆಯಲ್ಲಿ ಸೋಸಿದ ಮೇಲೂ.
ತಾತ ಅದನ್ನು ಪೀಠಕ್ಕೆ ಒಯ್ದ.
ಫಾದರ್ ದ್ರಾಕ್ಷಾರಸ ಸುರಿದರು,
ಅದರೊಳಕ್ಕೆ ನೀರು, ಒಂದೇ ಹನಿ.
ಕೆಂಪು ಅಲುಗಲೂ ಇಲ್ಲ.

ಹೊರಗೆ ಬಂದು ಕೇಳಿದೆ,
ಅಷ್ಟು ಪಾತ್ರೆಗೆ ಒಂದು ಹನಿ, ಯಾಕೆ ತಾತ,
ಹಾಕದಿದ್ದರೆ ಏನಾಗುತ್ತೆ?

ತಾತ ಚರ್ಚಿನ ಬಾಗಿಲೆಳೆದ.
ಮಳೆಗೆ ಉಬ್ಬಿದ ಬಾಗಿಲು, ಒಬ್ಬರ ಕೈಗೆ ಬಗ್ಗದು,
ನಾನೂ ಹೆಗಲು ಕೊಟ್ಟೆ.

"ಏನೂ ಆಗಕಿಲ್ಲ," ಅಂದ, ಬೀಗ ಹುಡುಕುತ್ತ.
"ನಾನು ಕೊಡಗಂಟ
ಫಾದರ್ ಕೈ ಚಾಚ್ಕೊಂಡು ನಿಂತಿರ್ತರೆ."